ಫುಲ್ ಟ್ಯಾಂಕ್‌ಗೆ ನಿಮ್ಮ ಕಾರು ನಿಜಕ್ಕೂ ಎಷ್ಟು ದೂರ ಹೋಗುತ್ತದೆ? ನೀವೇ ಅಳೆದು ನೋಡಿ

ಒಂದು ಸಂಜೆ ಬೆಟ್ಟದ ರಸ್ತೆ ಹತ್ತುವ ಮುಂಚೆ ನಮ್ಮ ಕಾರಿನ ಪರದೆ ‘ಇನ್ನೂ 90 ಕಿ.ಮೀ.’ ಅಂತ ತೋರಿಸುತ್ತಿತ್ತು. ಮುಂದಿನ ಪೆಟ್ರೋಲ್ ಬಂಕ್ ಇದ್ದದ್ದು 55 ಕಿ.ಮೀ. ದೂರದಲ್ಲಿ. ಧಾರಾಳ ಸಾಕು ಅಂದುಕೊಂಡು ಹೊರಟೆ. ಇಪ್ಪತ್ತು ಕಿಲೋಮೀಟರ್ ಏರು ಮುಗಿಯುವಷ್ಟರಲ್ಲಿ ಆ 90 ಕರಗಿ 38ಕ್ಕೆ ಬಂದಿತ್ತು, ದಾರಿ ಮಾತ್ರ ಇನ್ನೂ 35 ಕಿ.ಮೀ. ಬಾಕಿ. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ಪಕ್ಕದಲ್ಲಿ ನಿದ್ದೆಗೆ ಜಾರಿದ ಮಗಳು. ಆಚೆ ಬದಿ ಇಳಿಜಾರು ಇದ್ದಿದ್ದರಿಂದ ಹೇಗೋ ಬಂಕ್ ಮುಟ್ಟಿದೆವು. ಆದರೆ ಆ ಮುಕ್ಕಾಲು ಗಂಟೆ ಕಾರಿನೊಳಗೆ ಯಾರೂ ಮಾತಾಡಲಿಲ್ಲ.

ಕಾರಿನದೇನೂ ತಪ್ಪಿರಲಿಲ್ಲ. ನನ್ನ ಟ್ಯಾಂಕಿನ ಲೆಕ್ಕ ನನಗೆ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಅಳೆಯಲು ಶುರು ಮಾಡಿದೆ. ಮನೆಮಂದಿಯನ್ನು ಕೂರಿಸಿಕೊಂಡು ದೂರ ಹೋಗುವವರೆಲ್ಲ ಇದನ್ನು ಒಮ್ಮೆಯಾದರೂ ಮಾಡಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಕಷ್ಟವೇನಿಲ್ಲ. ಮೂರು ನಾಲ್ಕು ಸಲ ಟ್ಯಾಂಕ್ ತುಂಬಿಸುವಷ್ಟು ದಿನ ತಾಳ್ಮೆ ಇದ್ದರೆ ಸಾಕು.

ಟ್ಯಾಂಕ್ ಎಷ್ಟು ಲೀಟರಿನದು?

ಕಾರಿನ ಜೊತೆ ಕೊಟ್ಟ ಕೈಪಿಡಿ ತೆಗೆಯಿರಿ. ಉದ್ದ, ಅಗಲ, ತೂಕ ಎಲ್ಲ ಬರೆದಿರುವ ಕಡೆಯಲ್ಲೇ ಟ್ಯಾಂಕಿನ ಅಳತೆಯೂ ಇರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 35ರಿಂದ 45 ಲೀಟರ್, ದೊಡ್ಡವಕ್ಕೆ 50, 60 ಹೀಗೆ. ಆ ಅಂಕಿ ಬರೆದುಕೊಳ್ಳಿ, ಆದರೆ ಅದೇ ಕೊನೆಯ ಮಾತು ಅಂದುಕೊಳ್ಳಬೇಡಿ.

ಯಾಕೆಂದರೆ ಟ್ಯಾಂಕಿನ ಮೇಲ್ಭಾಗದಲ್ಲಿ ಬೇಕೆಂದೇ ಒಂದಿಷ್ಟು ಜಾಗ ಖಾಲಿ ಬಿಟ್ಟಿರುತ್ತಾರೆ. ಪೆಟ್ರೋಲ್ ಬಿಸಿಯಾದಾಗ ಹಿಗ್ಗುತ್ತದೆ. ಒಂದು ಡಿಗ್ರಿಗೆ ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲು. ನೆಲದಡಿಯ ತೊಟ್ಟಿಯಿಂದ ತಣ್ಣಗೆ ಬಂದ 40 ಲೀಟರ್ ಪೆಟ್ರೋಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿಯೇ ಹಿಗ್ಗಿಕೊಳ್ಳುತ್ತದೆ. ಆ ಖಾಲಿ ಜಾಗ, ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿನವರೆಗಿನ ಕೊಳವೆ ಎಲ್ಲ ಸೇರಿದರೆ ಕೈಪಿಡಿಯಲ್ಲಿರುವುದಕ್ಕಿಂತ ಒಂದೆರಡು ಲೀಟರ್ ಹೆಚ್ಚು ಹಿಡಿಯುವುದುಂಟು. 42 ಲೀಟರ್ ಟ್ಯಾಂಕಿಗೆ 43 ಹೋಯಿತು ಅಂತ ಬಂಕ್ ಹುಡುಗನ ಜೊತೆ ಜಗಳಕ್ಕೆ ನಿಲ್ಲುವ ಮುಂಚೆ ಇದು ನೆನಪಿರಲಿ. ತಳದಲ್ಲಿ ಇದರ ಉಲ್ಟಾ. ಪಂಪಿನ ಬಾಯಿಗೆ ಸಿಗದ ಕೊನೆಯ ಸ್ವಲ್ಪ ಇಂಧನ ಟ್ಯಾಂಕಿನಲ್ಲಿ ಇದ್ದೂ ಇಲ್ಲದಂತೆ.

ಮೊದಲ ‘ಟಕ್’ಗೆ ನಿಲ್ಲಿಸಿ

ಅಳತೆ ಸರಿ ಬರಬೇಕಾದರೆ ಪ್ರತಿ ಸಲವೂ ಒಂದೇ ಮಟ್ಟಕ್ಕೆ ತುಂಬಿಸಬೇಕು. ಆ ಮಟ್ಟವನ್ನು ಬಂಕಿನ ನಾಝಲ್ಲೇ ಹೇಳುತ್ತದೆ. ಅದರ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಮುಂದಿನ ಸಲ ಗಮನಿಸಿ. ಪೆಟ್ರೋಲ್ ಹರಿಯುವ ರಭಸಕ್ಕೆ ಆ ತೂತಿನ ಮೂಲಕ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ತೂತನ್ನು ಮುಚ್ಚಿದ ಕೂಡಲೇ ಗಾಳಿ ಬರುವುದು ನಿಲ್ಲುತ್ತದೆ, ಒಳಗೆ ಎಳೆತ ಹೆಚ್ಚಾಗಿ ಒಂದು ತೆಳು ಪೊರೆಯನ್ನು ಸೆಳೆಯುತ್ತದೆ, ಹಿಡಿಕೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಕರೆಂಟು, ಸೆನ್ಸರ್ ಏನೂ ಬೇಕಿಲ್ಲ. ಬರೀ ಗಾಳಿಯ ಕೆಲಸ. ನನಗಂತೂ ಇದು ಪ್ರತಿ ಸಲವೂ ಖುಷಿ ಕೊಡುವ ಸಂಗತಿ.

ಮೊದಲ ಟಕ್ ಬಂದ ಮೇಲೆ ‘ಇನ್ನು ಸ್ವಲ್ಪ ಹಾಕಿ, ರೌಂಡ್ ಫಿಗರ್ ಮಾಡಿ’ ಅನ್ನಬೇಡಿ. ಪೆಟ್ರೋಲ್ ಕಾರುಗಳಲ್ಲಿ ಟ್ಯಾಂಕಿನ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಅದು ಆವಿಗಾಗಿ ಮಾಡಿದ್ದು. ಬಾಯಿವರೆಗೆ ತುಂಬಿಸಿದರೆ ದ್ರವವೇ ಅದರೊಳಗೆ ಹೋಗಿ ಇದ್ದಿಲು ಹಾಳಾಗಬಹುದು. ಅರ್ಧ ಲೀಟರಿನ ಆಸೆಗೆ ಆ ರಿಪೇರಿ ಬೇಡ.

ಫುಲ್‌ನಿಂದ ಫುಲ್‌ಗೆ

ಇದೇ ಮುಖ್ಯವಾದ ಹೆಜ್ಜೆ. ಮೊದಲ ಟಕ್‌ವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ನಿಮ್ಮ ಪಾಡಿಗೆ ಓಡಿಸಿ. ಅಳೆಯುತ್ತಿದ್ದೇನೆ ಅಂತ ಮೆತ್ತಗೆ ಓಡಿಸಿದರೆ ಏನೂ ಪ್ರಯೋಜನವಿಲ್ಲ, ಆ ಅಂಕಿ ನಿಮ್ಮದಾಗಿರುವುದಿಲ್ಲ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ, ಸಾಧ್ಯವಾದರೆ ಅದೇ ಬಂಕಿನ ಅದೇ ಪಂಪಿನಲ್ಲಿ, ಮತ್ತೆ ಮೊದಲ ಟಕ್‌ವರೆಗೆ ತುಂಬಿಸಿ. ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಹಿಡಿಯಿತು, ಎರಡನ್ನೂ ಅಲ್ಲೇ ಬರೆದುಕೊಳ್ಳಿ. ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ.

ಒಂದು ಸಲ ಮಾಡಿ ಬಿಡಬೇಡಿ. ನಾಝಲ್ ಬೇಗ ಟಕ್ ಅಂದರೆ, ಕಾರು ಸ್ವಲ್ಪ ಓರೆಯಾಗಿ ನಿಂತಿದ್ದರೆ ಒಂದೆರಡು ಲೀಟರ್ ಆಚೀಚೆ ಆಗುತ್ತದೆ. ಕನಿಷ್ಠ ಮೂರು ಸಲ ಅಳೆಯಿರಿ, ಅದೂ ಬೇರೆ ಬೇರೆ ಥರದ ಓಡಾಟದಲ್ಲಿ. ಉದಾಹರಣೆಗೆ ಹೀಗೆ ಬಂತು ಅಂದುಕೊಳ್ಳಿ. ದಿನನಿತ್ಯದ ಓಡಾಟದಲ್ಲಿ 512 ಕಿ.ಮೀ.ಗೆ 33.2 ಲೀಟರ್, ಅಂದರೆ ಲೀಟರಿಗೆ 15.4. ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿದಾಗ 561 ಕಿ.ಮೀ.ಗೆ 32.8 ಲೀಟರ್, ಅಂದರೆ 17.1. ಐದು ಜನ, ಸಾಮಾನು, ಎಸಿ, ಮೇಲೆ ಘಾಟಿ ರಸ್ತೆ ಇದ್ದಾಗ 438 ಕಿ.ಮೀ.ಗೆ 31.5 ಲೀಟರ್, ಅಂದರೆ 13.9.

ಅದೇ ಕಾರು, ಅದೇ ಟ್ಯಾಂಕ್, ಓಡಿಸಿದವರೂ ಅವರೇ. ಆದರೂ ಲೀಟರಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ. ‘ನಿಮ್ಮ ಗಾಡಿ ಮೈಲೇಜ್ ಎಷ್ಟು’ ಅಂತ ಯಾರಾದರೂ ಕೇಳಿದರೆ ನಾವು 17 ಅಂತಲೇ ಹೇಳುವುದು, ಅಲ್ವಾ? ದೂರದ ಪ್ರಯಾಣಕ್ಕೆ ಬೇಕಾದದ್ದು ಮಾತ್ರ 13.9.

ಕಂಪನಿ ಹೇಳಿದ ಮೈಲೇಜ್ ಯಾಕೆ ಬರುವುದಿಲ್ಲ

ಕಂಪನಿಯವರು ಸುಳ್ಳು ಹೇಳುತ್ತಾರೆ ಅಂತಲ್ಲ. ಆ ಅಂಕಿ ಬರುವುದು ಲ್ಯಾಬಿನಲ್ಲಿ, ಚಕ್ರಗಳನ್ನು ರೋಲರ್ ಮೇಲೆ ಓಡಿಸಿ. ಯುರೋಪಿನಲ್ಲಿ 2017ರಿಂದ ಜಾರಿಗೆ ಬಂದ ಡಬ್ಲ್ಯೂಎಲ್‌ಟಿಪಿ ಪರೀಕ್ಷೆಯನ್ನೇ ನೋಡಿ. ಮಾಮೂಲಿ ಕಾರಿಗೆ ಇದು 30 ನಿಮಿಷದ ಓಟ, ಸುಮಾರು 23 ಕಿ.ಮೀ. ದೂರ, ಎಸಿ ಆಫ್. ಕಾರುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಇದು ಒಳ್ಳೆಯದೇ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇದ್ದ ಹಾಗೆ. ಆದರೆ ನಿಮ್ಮ ಅಮ್ಮ, ನಿಮ್ಮ ಸೂಟ್‌ಕೇಸು, ನಿಮ್ಮ ಬೆಟ್ಟದ ರಸ್ತೆ ಆ ಪ್ರಶ್ನೆಪತ್ರಿಕೆಯಲ್ಲಿ ಇಲ್ಲ.

ಹೆದ್ದಾರಿಯಲ್ಲಿ ಇಂಧನವನ್ನು ತಿನ್ನುವುದರಲ್ಲಿ ದೊಡ್ಡದು ಗಾಳಿ. ಕಾರನ್ನು ಹಿಂದಕ್ಕೆ ತಳ್ಳುವ ಗಾಳಿಯ ಒತ್ತಡ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 80 ಕಿ.ಮೀ. ಹೋಗುತ್ತಿದ್ದವರು 100ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಶೇ 25, ಗಾಳಿಯ ತಡೆ ಹೆಚ್ಚಿದ್ದು ಶೇ 56. ಅದಕ್ಕೇ ಬಂಕ್ ದೂರ ಇದೆ ಅಂತ ಗಾಬರಿಯಾದಾಗ ಬೇಗ ಮುಟ್ಟೋಣ ಅಂತ ವೇಗ ಹೆಚ್ಚಿಸುವುದು ಸರಿಯಲ್ಲ. ಕಾರಿನ ತಲೆ ಮೇಲೆ ಪೆಟ್ಟಿಗೆ ಕಟ್ಟುವುದೂ ಹಾಗೆಯೇ. ದೊಡ್ಡ ಪೆಟ್ಟಿಗೆಯಾದರೆ ಹೆದ್ದಾರಿಯಲ್ಲಿ ಮೈಲೇಜ್ ಶೇ 6ರಿಂದ 17ರವರೆಗೆ ಇಳಿಯಬಹುದು ಅನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಅದೇ ಇಲಾಖೆಯ ಪ್ರಕಾರ 45 ಕೆ.ಜಿ. ಸಾಮಾನಿನ ತೂಕಕ್ಕೆ ಇಳಿಯುವುದು ಶೇ 1ರಷ್ಟು ಮಾತ್ರ. ಆದ್ದರಿಂದ ಒತ್ತೊತ್ತಾಗಿ ಆದರೂ ಸರಿ, ಸಾಮಾನೆಲ್ಲ ಡಿಕ್ಕಿಯಲ್ಲೇ ಹಿಡಿಸಿ.

ಟೈರಿನ ಗಾಳಿ ಸರಿಯಿರಲಿ. ನಿಂತಲ್ಲೇ ಎಂಜಿನ್ ಓಡಿಸಿಕೊಂಡು ಇರಬೇಡಿ, ಗಂಟೆಗೆ ಅರ್ಧದಿಂದ ಒಂದು ಲೀಟರ್ ಸುಮ್ನೆ ಹೋಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿತಾಯ ಅಂತ ಇನ್ನೂ ಹಲವರು ನಂಬಿದ್ದಾರೆ. ಈಗಿನ ಕಾರುಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಇಂಧನ ಬೇಕೇ ಬೇಕು, ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಇನ್ನು ಪೆಟ್ರೋಲಿಗೆ ಎಷ್ಟು ಎಥೆನಾಲ್ ಬೆರೆಸಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಶೇ 20 ಎಥೆನಾಲ್ ಇದ್ದರೆ ಒಂದು ಲೀಟರಿನಲ್ಲಿರುವ ಶಕ್ತಿಯೇ ಸುಮಾರು ಶೇ 7ರಷ್ಟು ಕಡಿಮೆ.

ರಿಸರ್ವ್ ಎಷ್ಟು ಅಂತ ಹುಡುಕಿ

ಕೆಂಪು ಅಥವಾ ಹಳದಿ ದೀಪ ಹತ್ತಿದಾಗ ಟ್ಯಾಂಕಿನಲ್ಲಿ ಎಷ್ಟು ಉಳಿದಿರುತ್ತದೆ? ಸಾಮಾನ್ಯವಾಗಿ 5ರಿಂದ 8 ಲೀಟರ್. ನಿಮ್ಮ ಕಾರಿನದು ಬೇಕಾದರೆ ಒಂದು ಸಲ, ಬಂಕುಗಳು ಹತ್ತಿರ ಹತ್ತಿರ ಇರುವ ಜಾಗದಲ್ಲಿ, ದೀಪ ಹತ್ತುವವರೆಗೆ ಓಡಿಸಿ. ಹತ್ತಿದ ಕೂಡಲೇ ಬಂಕಿಗೆ ಹೋಗಿ ಮೊದಲ ಟಕ್‌ವರೆಗೆ ತುಂಬಿಸಿ. 42 ಲೀಟರ್ ಟ್ಯಾಂಕಿಗೆ 35 ಹಿಡಿಯಿತು ಅಂದರೆ ಒಳಗೆ ಸುಮಾರು 7 ಉಳಿದಿತ್ತು ಅಂತಾಯಿತು.

ಈಗ ಲೆಕ್ಕ ಮುಗಿಸೋಣ. ಆ 7 ಲೀಟರನ್ನು ಇಲ್ಲವೆಂದೇ ತಿಳಿಯಿರಿ. ಉಳಿದ 35ನ್ನು ನಿಮ್ಮ ಅತಿ ಕಡಿಮೆ ಮೈಲೇಜಿನಿಂದ ಗುಣಿಸಿ. 35 ಗುಣಿಸು 13.9, ಸುಮಾರು 486 ಕಿ.ಮೀ. ಇದೇ ಕಾರಿಗೆ ಕಂಪನಿ ಲೀಟರಿಗೆ 20 ಅಂತ ಹೇಳಿದ್ದರೆ, ಅದನ್ನು ಪೂರ್ತಿ 42 ಲೀಟರಿಗೆ ಗುಣಿಸಿದವರು 840 ಕಿ.ಮೀ. ಹೋಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೊರಡುತ್ತಾರೆ. 486 ಎಲ್ಲಿ, 840 ಎಲ್ಲಿ! ದಾರಿಯಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಈ ಎರಡರ ನಡುವೆಯೇ.

ಮುಳ್ಳು ಮತ್ತು ಪರದೆಯ ಮಾತು

ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆಗೆ ಕಡ್ಡಿ ಕಟ್ಟಿರುತ್ತಾರೆ. ಅದು ಏರಿಳಿದಂತೆ ಮುಳ್ಳು ಏರಿಳಿಯುತ್ತದೆ. ಟ್ಯಾಂಕ್ ಚೌಕದ ಡಬ್ಬಿಯಲ್ಲ, ಸೀಟಿನಡಿ ಸಿಕ್ಕ ಜಾಗಕ್ಕೆ ಹೊಂದಿಸಿ ಮಾಡಿದ ಅಂಕುಡೊಂಕಿನ ಪಾತ್ರೆ. ಫುಲ್ ಮಾಡಿಸಿದ ಮೇಲೆ ಮುಳ್ಳು ಬಹಳ ಹೊತ್ತು ಅಲ್ಲಾಡದೆ ನಿಂತು, ಅರ್ಧದ ನಂತರ ಸರಸರ ಇಳಿಯುವುದನ್ನು ನೀವೂ ನೋಡಿರಬಹುದು. ಅದಕ್ಕೇ ‘ಅರ್ಧ ಟ್ಯಾಂಕಿಗೆ 300 ಬಂತು, ಇನ್ನರ್ಧಕ್ಕೂ 300’ ಅನ್ನುವ ಲೆಕ್ಕ ಬೇಡ.

ಮುಳ್ಳಿನ ಪಕ್ಕದ ಬಂಕಿನ ಚಿತ್ರದ ಹತ್ತಿರ ಸಣ್ಣ ಬಾಣವಿದ್ದರೆ ಅದು ಪೆಟ್ರೋಲ್ ಹಾಕುವ ಬಾಯಿ ಯಾವ ಕಡೆ ಇದೆ ಅಂತ ಹೇಳುತ್ತದೆ. ಫೋರ್ಡ್ ಕಂಪನಿಯ ಜಿಮ್ ಮೋಯ್ಲನ್ 1986ರಲ್ಲಿ ಮಳೆಯಲ್ಲಿ ತಪ್ಪು ಬದಿಗೆ ಕಾರು ನಿಲ್ಲಿಸಿ ನೆನೆದ ಮೇಲೆ ಕೊಟ್ಟ ಸಲಹೆ ಅದು. ಬಾಡಿಗೆ ಕಾರು ಓಡಿಸುವಾಗಲೆಲ್ಲ ನಾನು ಅವರನ್ನು ನೆನೆಯುತ್ತೇನೆ.

ಪರದೆಯಲ್ಲಿ ಬರುವ ‘ಇನ್ನು ಇಷ್ಟು ಕಿ.ಮೀ.’ ಅನ್ನುವುದು ಮುಂದಿನ ರಸ್ತೆಯನ್ನು ನೋಡಿ ಹೇಳಿದ್ದಲ್ಲ. ಸ್ವಲ್ಪ ಹೊತ್ತಿನ ಹಿಂದೆ ಓಡಿಸಿದ ರೀತಿಯನ್ನು ಉಳಿದ ಲೀಟರಿಗೆ ಗುಣಿಸಿ ಹೇಳಿದ್ದು. ಸಮತಟ್ಟು ಹೆದ್ದಾರಿಯಿಂದ ಬಂದು ಬೆಟ್ಟ ಹತ್ತಲು ಹೊರಟ ನನಗೆ ಅದು ತೋರಿಸಿದ್ದು ಹೆದ್ದಾರಿಯ 90. ಏರು ಶುರುವಾಗುವ ಮುಂಚೆ ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ ಅನ್ನುವುದು ಅವತ್ತಿನಿಂದ ನಮ್ಮ ಮನೆಯ ನಿಯಮ.

ದೀಪ ಹತ್ತಿಯೇ ಬಿಟ್ಟರೆ

ವೇಗ ಇಳಿಸಿ, ಒಂದೇ ಸಮ ಓಡಿಸಿ, ಜೋರಾಗಿ ಬ್ರೇಕ್ ಹಾಕಿ ಮತ್ತೆ ಎಳೆಯುವುದನ್ನು ಬಿಡಿ. ಸೆಖೆ ತಡೆಯಬಹುದಾದರೆ ಎಸಿ ಆಫ್ ಮಾಡಿ. ಫೋನಿನಲ್ಲಿ ಹತ್ತಿರದ ಬಂಕ್ ಹುಡುಕುವ ಕೆಲಸ ಪಕ್ಕದವರಿಗೆ ಕೊಡಿ. ಹಿಂದೆ ದಾಟಿ ಬಂದ ಬಂಕೇ ಹತ್ತಿರವಿದ್ದರೆ ಹಿಂದಿರುಗಲು ಬೇಸರ ಬೇಡ.

ಆದರೆ ಇದನ್ನು ದಿನದ ರೂಢಿ ಮಾಡಿಕೊಳ್ಳಬೇಡಿ. ಇಂಧನದ ಪಂಪು ಇರುವುದು ಟ್ಯಾಂಕಿನೊಳಗೇ, ಸುತ್ತಲಿನ ಇಂಧನವೇ ಅದನ್ನು ತಂಪಾಗಿಡುವುದು. ಯಾವಾಗಲೂ ತಳದಲ್ಲೇ ಓಡಿಸಿದರೆ ಪಂಪು ಬಿಸಿಯಾಗಿ ಬೇಗ ಸವೆಯುತ್ತದೆ. ಏರು, ತಿರುವುಗಳಲ್ಲಿ ಉಳಿದ ಸ್ವಲ್ಪ ಇಂಧನ ಒಂದು ಬದಿಗೆ ಸರಿದರೆ ಅದು ಗಾಳಿ ಎಳೆದುಕೊಳ್ಳಲೂಬಹುದು. ಪೆಟ್ರೋಲ್ ಕಾರು ನಿಂತುಹೋದರೆ ಕೆಲವು ಲೀಟರ್ ಹಾಕಿ, ಕೀಲಿಯನ್ನು ಎರಡು ಮೂರು ಸಲ ಆನ್ ಮಾಡಿ ಸ್ವಲ್ಪ ಕಾದು ಸ್ಟಾರ್ಟ್ ಮಾಡಿದರೆ ಬಹುಪಾಲು ಎದ್ದುಕೊಳ್ಳುತ್ತದೆ. ಡೀಸೆಲ್ ಕಾರು ಅಷ್ಟು ಸುಲಭವಲ್ಲ. ಪೈಪುಗಳಲ್ಲಿ ಗಾಳಿ ಸೇರಿಕೊಂಡಿರುತ್ತದೆ, ಅದನ್ನು ಹೊರಗೆ ತೆಗೆಯುವವರೆಗೆ ಎಂಜಿನ್ ಏಳುವುದಿಲ್ಲ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಹೋದರೆ ಬ್ಯಾಟರಿ ಇಳಿಯುತ್ತದೆ, ಡೀಸೆಲ್ಲೇ ಎಣ್ಣೆಯಂತೆ ಕಾಪಾಡುವ ದುಬಾರಿ ಪಂಪು ಒಣಗಿ ತಿರುಗಿ ಕೆಡುತ್ತದೆ. ಕೈಪಿಡಿಯಲ್ಲಿ ಗಾಳಿ ತೆಗೆಯುವ ಕ್ರಮ ಕೊಟ್ಟಿದ್ದರೆ ಹಾಗೆಯೇ ಮಾಡಿ, ಇಲ್ಲದಿದ್ದರೆ ರಸ್ತೆ ಬದಿಗೆ ತಳ್ಳಿ, ನಾಲ್ಕೂ ಇಂಡಿಕೇಟರ್ ಹಾಕಿ, ಮನೆಯವರನ್ನು ರಸ್ತೆಯಿಂದ ದೂರ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.