ಹೊಂಡಕ್ಕೆ ಬಿದ್ದ ನಾಯಿ ಹತ್ತಿ ಬರಬೇಕಲ್ಲ?

ನಾಯಿಗೆ ಈಜು ಕಲಿಸಬೇಕಾ ಅಂತ ನಮ್ಮ ಕಡೆ ನಗುತ್ತಾರೆ. ಈಜೇನೋ ಬಹಳಷ್ಟು ನಾಯಿಗಳಿಗೆ ಬರುತ್ತದೆ. ಹೊಲದಲ್ಲಿ ಮಳೆನೀರು ಹಿಡಿಯೋಕೆ ತೋಡಿದ ಕೃಷಿ ಹೊಂಡದಿಂದ ಮೇಲೆ ಹತ್ತೋದೇ ಕಷ್ಟ.

2014ರಲ್ಲಿ ಇಂಥ ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕೋಲಾರದ ಕಡೆ ಹೊಂಡಗಳು ಜಾಸ್ತಿಯಾದವು. ಹಳೇ ಕುಂಟೆ, ಅಂದರೆ ಸಣ್ಣ ಕೆರೆಯಾದರೆ ಮಣ್ಣಿನ ದಡ, ಎಲ್ಲಿಂದ ಬೇಕಾದರೂ ಹತ್ತಬಹುದು. ಹೊಂಡಕ್ಕೆ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪಾಚಿ. ಉಗುರು ಊರುವುದೇ ಇಲ್ಲ. ನಾಯಿ ತಾನು ಬಿದ್ದ ಜಾಗದಲ್ಲೇ ಪರಪರ ಕೆರೆಯುತ್ತದೆ, ಸುಸ್ತಾಗಿ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗಂತೂ ಹತ್ತಬೇಕಾದ ಜಾರು ಇನ್ನೂ ಉದ್ದ.

ನಮ್ಮ ಹೊಂಡಕ್ಕೆ ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿಸಿದೆ. ನಾಯಿ ಕೆಳಗೆ ತೋಡಿ ನುಗ್ಗುತ್ತದೆ ಅಂತ ಬುಡದಲ್ಲಿ ಕಲ್ಲು ಜೋಡಿಸಿದೆ. ಆದರೂ ಮೋಟರ್ ಹಾಕೋಕೆ ಹೋದವರು ಗೇಟು ತೆಗೆದಿಟ್ಟು ಬರುತ್ತಾರೆ. ಅದಕ್ಕೇ ಒಳಗೂ ಒಂದು ದಾರಿ ಬೇಕಿತ್ತು.

ಪಂಕ್ಚರ್ ಅಂಗಡಿಯಿಂದ ಸವೆದ ಟೈರ್ ತಂದೆ. ತಂತಿ ಹೊರಗೆ ಬಂದಿರುವ ಟೈರ್ ಬೇಡ, ಹಾಳೆ ಹರಿಯುತ್ತದೆ. ಒಂದರ ಕೆಳಗೊಂದು ನೈಲಾನ್ ಹಗ್ಗದಲ್ಲಿ ಬಿಗಿದು, ಮೇಲಿನ ತುದಿ ಕಲ್ಲುಕಂಬಕ್ಕೆ ಕಟ್ಟಿ, ಹೊಂಡದ ತಳದವರೆಗೂ ಇಳಿಬಿಟ್ಟೆ. ನೀರು ಎಷ್ಟೇ ಇದ್ದರೂ ಕಾಲಿಗೆ ಒಂದು ಟೈರ್ ಸಿಗುತ್ತದೆ. ಒಳಗೆ ನೀರು ನಿಂತು ಸೊಳ್ಳೆ ಆಗದ ಹಾಗೆ ಟೈರ್‌ಗಳಿಗೆ ತೂತು ಕೊರೆದೆ. ಎದುರು ಬದಿಗೂ ಹೀಗೇ ಒಂದು ಸಾಲು.

ಸುಮ್ನೆ ಟೈರ್ ಬಿಟ್ಟರೆ ಸಾಲದು, ಅಲ್ಲಿ ದಾರಿಯಿದೆ ಅಂತ ನಾಯಿಗೆ ಗೊತ್ತಾಗಬೇಕು. ನಮ್ಮ ಕರಿಯನಿಗೆ ಎದೆಪಟ್ಟಿ ಕಟ್ಟಿದೆ. ಕುತ್ತಿಗೆ ಪಟ್ಟಿ ಹಿಡಿದು ಎಳೆದರೆ ಉಸಿರು ಕಟ್ಟುತ್ತದೆ. ಉದ್ದ ಹಗ್ಗ ತಮ್ಮನ ಕೈಲಿತ್ತು. ಮೊದಲು ಟೈರ್ ಪಕ್ಕದಲ್ಲೇ ನೀರಿಗೆ ಇಳಿಸಿದೆವು. ಮುಂಗಾಲು ಸಿಕ್ಕಿದ್ದೇ ತಡ, ಎರಡೇ ನೆಗೆತಕ್ಕೆ ಮೇಲೆ ಬಂದು ನಮಗೆಲ್ಲ ನೀರು ಕೊಡವಿ ರಸ್ಕ್‌ಗೆ ಬಾಯಿ ಹಾಕಿದ. ಆಮೇಲೆ ಸ್ವಲ್ಪ ಸ್ವಲ್ಪ ದೂರದಿಂದ ಬಿಟ್ಟೆವು, ಕೊನೆಗೆ ಬೇರೆ ಬೇರೆ ಮೂಲೆಗಳಿಂದ. ಕಂಬಕ್ಕೆ ಬಿಳಿ ಚೀಲ ಕಟ್ಟಿದ್ದೇನೆ, ನೀರಲ್ಲಿದ್ದಾಗಲೂ ಅದು ಕಾಣುತ್ತದೆ.

ನಂದಿ ಬೆಟ್ಟದ ಕಡೆ ತೋಟದ ಮನೆ ಮಾಡಿಕೊಂಡಿರುವ ಪರಿಚಯದವರ ಈಜುಕೊಳದಲ್ಲೂ ಇದೇ ಕಥೆ. ನೆಟ್ಟಗಿನ ಸ್ಟೀಲ್ ಏಣಿ ನಾಯಿಗೆ ಉಪಯೋಗಕ್ಕಿಲ್ಲ. ಮೆಟ್ಟಿಲಿರುವ ಮೂಲೆಯನ್ನೇ ಹೀಗೆ ಕಲಿಸಿ ಅಂದೆ. ಮೇಲೆ ಸಡಿಲವಾಗಿ ಹಾಸುವ ಹೊದಿಕೆ ಇನ್ನೂ ಅಪಾಯ. ನೆಲ ಅಂತ ಕಾಲಿಟ್ಟ ನಾಯಿ ಅದರಡಿ ಸಿಕ್ಕಿಕೊಳ್ಳುತ್ತದೆ.

ಬಾಯಾರಿಕೆಗೇ ತಾನೆ ನಾಯಿ ಹೊಂಡಕ್ಕೆ ಹೋಗೋದು? ಶೆಡ್ ಹತ್ತಿರ ಹೊಂಗೆ ನೆರಳಲ್ಲಿ ಒಂದು ತೊಟ್ಟಿ ತುಂಬಿಸಿಡುತ್ತೇವೆ.

ಬಿದ್ದದ್ದು ಕಂಡರೆ ಹಾಳೆಯ ಮೇಲೆ ನೀವು ಇಳಿಯಬೇಡಿ, ನಿಮಗೂ ಹತ್ತೋಕಾಗಲ್ಲ. ಟೈರ್ ಇರುವ ಕಡೆ ನಿಂತು ಕೂಗಿ ಕರೆಯಿರಿ. ಮುಳುಗಿ ನೀರು ಕುಡಿದಿದ್ದರೆ ಚೆನ್ನಾಗೇ ಕಂಡರೂ ಡಾಕ್ಟರಿಗೆ ತೋರಿಸಿ, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟೂ ಬರಬಹುದು.

ನೈಲಾನ್ ಹಗ್ಗ ಬಿಸಿಲಿಗೆ ಲಡ್ಡಾಗುತ್ತದೆ. ಮಾವಿನ ಸುಗ್ಗಿ ಮುಗಿದ ಮೇಲೆ ಎಳೆದು ನೋಡುತ್ತೇನೆ, ಎಳೆ ಬಿಟ್ಟಿದ್ದರೆ ಬದಲಾಯಿಸುತ್ತೇನೆ.