ತಪ್ಪು ಸಾಬೀತಾದರೆ ಸಾಲದು: ನಿರ್ಲಕ್ಷ್ಯದ ಕೇಸು ನಾನು ಕಟ್ಟುವ ಬಗೆ

ವೈದ್ಯಕೀಯ ನಿರ್ಲಕ್ಷ್ಯದ ಕೇಸು ಬಂದರೆ ಬರೀ ಡಿಸ್ಚಾರ್ಜ್ ಸಮ್ಮರಿ ನೆಚ್ಚಿಕೊಂಡು ನಾನು ನೋಟಿಸ್ ಬರೆಯುವುದಿಲ್ಲ. ಅದು ಎಲ್ಲ ಮುಗಿದ ಮೇಲೆ ಬರೆದ ಕಾಗದ. ನನಗೆ ಪೂರ್ತಿ ಕೇಸ್ ಶೀಟ್ ಬೇಕು: ನರ್ಸುಗಳ ಟಿಪ್ಪಣಿ, ಬಿಪಿ ಚಾರ್ಟ್, ಔಷಧ ಕೊಟ್ಟ ಚಾರ್ಟ್, ಅರಿವಳಿಕೆ ದಾಖಲೆ, ಒಪ್ಪಿಗೆ ಪತ್ರ, ಸ್ಕ್ಯಾನಿನ ವರದಿಯ ಜೊತೆಗೆ ಮೂಲ ಚಿತ್ರಗಳೂ.

ಅದನ್ನೆಲ್ಲ ನಾಲ್ಕು ಕಾಲಮಿಗೆ ಇಳಿಸುತ್ತೇನೆ: ಸಮಯ, ನಡೆದದ್ದು, ಬರೆದವರು, ಪುಟ ಸಂಖ್ಯೆ. ರಾತ್ರಿ 2.10ಕ್ಕೆ ಬಿಪಿ 80/50ಕ್ಕೆ, ಅಂದರೆ ಅಪಾಯದ ಮಟ್ಟಕ್ಕೆ, ಕುಸಿದಿದೆ ಎಂದು ನರ್ಸ್ ಬರೆದಿದ್ದಾರೆ, ವೈದ್ಯರ ಮುಂದಿನ ಟಿಪ್ಪಣಿ 5.40ರದ್ದು ಎಂದಿಟ್ಟುಕೊಳ್ಳಿ. ಕೇಸು ಇರುವುದೇ ಆ ಮೂರೂವರೆ ಗಂಟೆಯಲ್ಲಿ. ಲ್ಯಾಬ್ ವರದಿಯಲ್ಲಿ ಎರಡು ಸಮಯ ಇರುತ್ತವೆ, ಮಾದರಿ ತೆಗೆದದ್ದು ಮತ್ತು ವರದಿ ಕೊಟ್ಟದ್ದು. ಮೊದಲನೆಯದನ್ನು ಹಿಡಿದು 'ವೈದ್ಯರಿಗೆ ಆಗಲೇ ಗೊತ್ತಿತ್ತು' ಎಂದು ವಾದಿಸಿದರೆ ಪಾಟೀ ಸವಾಲಿನಲ್ಲಿ ಕೇಸೇ ಬಿದ್ದುಹೋಗುತ್ತದೆ.

ಹೆಚ್ಚಿನವರು ಎಡವುವುದು ತಪ್ಪಿಗೂ ಹಾನಿಗೂ ಕೊಂಡಿ ಹಾಕುವಲ್ಲಿ. ಇಂಗ್ಲೆಂಡಿನ 1968ರ ಬಾರ್ನೆಟ್ ತೀರ್ಪು ನೋಡಿ. ಚಹಾ ಕುಡಿದು ವಾಂತಿ ಮಾಡುತ್ತಿದ್ದ ಕಾವಲುಗಾರನನ್ನು ವೈದ್ಯರು ನೋಡದೆಯೇ ಮನೆಗೆ ಕಳಿಸಿದರು. ಆತ ಆರ್ಸೆನಿಕ್ ವಿಷದಿಂದ ಸತ್ತ. ನೋಡದೇ ಇದ್ದದ್ದು ತಪ್ಪೆಂದು ಕೋರ್ಟ್ ಒಪ್ಪಿತು. ಆದರೆ ಆಸ್ಪತ್ರೆಗೆ ದಾಖಲಿಸಿಕೊಂಡಿದ್ದರೂ ಪ್ರತಿವಿಷ ಸಮಯಕ್ಕೆ ಕೊಡಲು ಆಗುತ್ತಿರಲಿಲ್ಲವೆಂದು ಪರಿಹಾರ ನಿರಾಕರಿಸಿತು. ರೋಗಿಯನ್ನು ಕಳೆದುಕೊಂಡು ನಮ್ಮ ಬಳಿ ಬರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳುವಷ್ಟು ಕಷ್ಟದ ಕೆಲಸ ಈ ವೃತ್ತಿಯಲ್ಲಿ ಬೇರೆ ಇಲ್ಲ. ಹೇಳದೆ ಕೇಸು ಹಾಕಿಸುವುದು ಅವರಿಗೆ ಮಾಡುವ ಅನ್ಯಾಯ.

ಹಾಗಾಗಿ ತಜ್ಞರಿಗೆ ಎರಡು ಪ್ರಶ್ನೆ ಬೇರೆಬೇರೆಯಾಗಿಯೇ ಕಳಿಸುತ್ತೇನೆ. ಆ ಹೊತ್ತಿನಲ್ಲಿ ಅದೇ ವಿಭಾಗದ ಜವಾಬ್ದಾರಿಯುತ ವೈದ್ಯರು ಯಾರಾದರೂ ಹೀಗೆ ಸುಮ್ಮನಿರುತ್ತಿದ್ದರೇ? 2.10ಕ್ಕೇ ಚಿಕಿತ್ಸೆ ಶುರುವಾಗಿದ್ದರೆ ರೋಗಿ ಉಳಿಯುವ ಸಂಭವವೇ ಹೆಚ್ಚಿತ್ತೇ? ತಜ್ಞರು ಅದೇ ವಿಭಾಗದವರಾಗಿರಬೇಕು. ನಮಗೆ ಅನುಕೂಲವಲ್ಲದ ಪುಟಗಳನ್ನೂ ಅವರಿಗೆ ಕೊಡಬೇಕು. ಅವನ್ನು ಅವರು ಮೊದಲ ಸಲ ಸಾಕ್ಷಿಕಟ್ಟೆಯಲ್ಲಿ ನೋಡುವಂತಾಗಬಾರದು.

ಅಪಘಾತದ ಗಾಯಾಳುವಿಗೆ ಆಸ್ಪತ್ರೆಯಲ್ಲೂ ತಪ್ಪಾಗಿದ್ದರೆ ಲೆಕ್ಕ ಇನ್ನೂ ಸೂಕ್ಷ್ಮ. ಮೂಳೆ ಮುರಿದದ್ದು ವಾಹನದಿಂದ, ಸೋಂಕು ಏರಿ ಕಾಲು ತೆಗೆದದ್ದು ವಿಳಂಬದಿಂದ. ದಾಖಲಾದ ದಿನದ ಎಕ್ಸ್-ರೇ, ತಾರೀಖಿರುವ ಗಾಯದ ಫೋಟೋಗಳನ್ನು ಜೋಡಿಸಿ, ವಿಳಂಬದಿಂದ ಹೆಚ್ಚಾದ ಖರ್ಚು, ನಷ್ಟವಾದ ದುಡಿಮೆ, ಕೃತಕ ಕಾಲಿನ ವೆಚ್ಚವನ್ನು ಬೇರೆ ಹಾಳೆಯಲ್ಲೇ ತೋರಿಸುತ್ತೇನೆ.