ಪ್ಲಗ್ ಕಿತ್ತರೆ 2012ಕ್ಕೆ ಹೋಗುತ್ತಿದ್ದ ಕಂಪ್ಯೂಟರ್

ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ತೋಟದ ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಬ್ಯಾಂಕಿನ ಕೆಲಸ ಎಲ್ಲ ಅದರಲ್ಲೇ. ಈ ಸಲ ಏಪ್ರಿಲ್‌ನಲ್ಲಿ ಗುಡುಗು ಮಳೆ ಶುರುವಾಯಿತು ನೋಡಿ, ಅದರ ಗಡಿಯಾರವೂ ಆಟ ಶುರು ಮಾಡಿತು. ಒಂದು ದಿನ ಸರಿ ಇರುತ್ತಿತ್ತು. ಇನ್ನೊಂದು ದಿನ ಬೆಳಿಗ್ಗೆ ಆನ್ ಮಾಡಿದರೆ 2012ರ ಜನವರಿ 1!

ಟೈಮ್ ತಪ್ಪಾದರೆ ಏನು ಮಹಾ, ಗೋಡೆ ಮೇಲೆ ಗಡಿಯಾರ ಇದೆಯಲ್ಲ ಅಂತ ಸುಮ್ಮನಿದ್ದೆ. ಆದರೆ ಬ್ಯಾಂಕಿನ ವೆಬ್‌ಸೈಟ್ ತೆರೆಯಲೇ ಇಲ್ಲ. ಸಂಪರ್ಕ ಸುರಕ್ಷಿತವಲ್ಲ ಅಂತ ಎಚ್ಚರಿಕೆ ಬಂತು. ವೈರಸ್ ಇರಬೇಕು ಅಂದುಕೊಂಡು ಅರ್ಧ ದಿನ ಹಾಳು ಮಾಡಿದೆ. ಆಮೇಲೆ ಗೊತ್ತಾಯಿತು: ವೆಬ್‌ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2012ರಲ್ಲಿ ಕೂತಿರುವ ಕಂಪ್ಯೂಟರಿಗೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ!

ರಿಪೇರಿಯವರೊಬ್ಬರು ಫೋನಿನಲ್ಲೇ ‘ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡು) ಹೋಗಿದೆ, ಬದಲಾಯಿಸಿ’ ಅಂದುಬಿಟ್ಟರು. ಅಷ್ಟು ದುಡ್ಡು ಸುರಿಯುವ ಮೊದಲು ಯಾವ ಯಾವ ದಿನ ಹೀಗಾಗುತ್ತಿದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. ಒಂದು ವಾರಕ್ಕೇ ಗುಟ್ಟು ರಟ್ಟಾಯಿತು. ಗುಡುಗಿದ ರಾತ್ರಿ ಅಮ್ಮ ತಪ್ಪದೆ ಪ್ಲಗ್ ಕಿತ್ತಿಡುತ್ತಾರೆ. ಅದರ ಮಾರನೇ ದಿನ ಮಾತ್ರ ಗಡಿಯಾರ ತಪ್ಪು!

ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಒಳಗಿನ ಗಡಿಯಾರಕ್ಕೆ ಒಂದಿಷ್ಟು ಸಿಗುತ್ತಿರುತ್ತದೆ. ಪ್ಲಗ್ ಕಿತ್ತ ಮೇಲೆ ಅದನ್ನು ನಡೆಸುವುದು ಬೋರ್ಡಿನ ಮೇಲಿನ ಒಂದು ಗುಂಡು ಸೆಲ್. ಅದು ಸತ್ತಿದ್ದರೂ ಬೇಸಿಗೆಯಲ್ಲಿ ನಮಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಪ್ಲಗ್ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆ, ಉಳಿದ ಕರೆಂಟ್ ಖಾಲಿಯಾಗಲಿ ಅಂತ. ಪಕ್ಕದ ತಗಡು ಬಿಚ್ಚಿದರೆ ಧೂಳು, ಜೇಡರ ಬಲೆ, ಎರಡು ಹಲ್ಲಿ ಮೊಟ್ಟೆ. ಮಲೆನಾಡಿನ ಕಂಪ್ಯೂಟರ್ ಅಲ್ವಾ! ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಾಯೀ ವಿದ್ಯುತ್ ಇಳಿಸಿಕೊಂಡೆ. ಸೆಲ್ ಪಕ್ಕದ ಸಣ್ಣ ಕೊಕ್ಕೆಯನ್ನು ಉಗುರಿನಿಂದ ತಳ್ಳಿದರೆ ಅದು ತಾನೇ ಮೇಲೆ ಎದ್ದಿತು. ಮೀಟರ್ ಹಿಡಿದೆ. 3 ವೋಲ್ಟ್ ಇರಬೇಕಾದದ್ದು 2 ವೋಲ್ಟ್ ಕೂಡ ಇರಲಿಲ್ಲ.

ಮೇಲೆ ಸಿಆರ್ 2032 ಅಂತ ಬರೆದಿತ್ತು. 20 ಅಂದರೆ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. 2025 ನೋಡಲು ಅದೇ ಥರ ಇದ್ದರೂ ತೆಳು, ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹಳೇದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ಪೇಟೆಯ ವಾಚ್ ಅಂಗಡಿಯಲ್ಲಿ ಅಂಥದ್ದೇ ತಂದೆ. ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿದೆ.

ಆನ್ ಮಾಡಿದ ತಕ್ಷಣ, ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯೋಸ್ ಅನ್ನುವ ಸೆಟ್ಟಿಂಗ್ ಪರದೆಗೆ ಹೋಗಿ ದಿನಾಂಕ ಹಾಕಿದೆ. ಇದನ್ನು ಕೈಯಲ್ಲೇ ಮಾಡಿದ್ದಕ್ಕೆ ಕಾರಣ ಇದೆ. ಮನೆ ಕಂಪ್ಯೂಟರಿನಲ್ಲಿ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ವಿಂಡೋಸ್ ಸಾಮಾನ್ಯವಾಗಿ ಇಂಟರ್ನೆಟ್ ಟೈಮನ್ನು ಒಪ್ಪುವುದಿಲ್ಲ. ಹದಿಮೂರು ವರ್ಷಕ್ಕೂ ಹೆಚ್ಚು ಹಿಂದಿದ್ದರೆ ಕೇಳುವುದೇ ಬೇಡ. ಟೈಮ್ ಝೋನ್‌ನಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಅಂತ ಇರುವುದನ್ನು ಆರಿಸಿದೆ. ಬೆಂಗಳೂರಿನ ಹೆಸರಿಲ್ಲ, ಇರಲಿ.

ಮುಗಿಯಿತು ಅಂದುಕೊಂಡೆ. ಎರಡು ದಿನ ಬಿಟ್ಟು ನೋಡಿದರೆ ದಿನಾಂಕ ಸರಿ, ಟೈಮ್ ಮಾತ್ರ ಐದೂವರೆ ಗಂಟೆ ಹಿಂದೆ! ಈ ಐದೂವರೆಯೇ ಸುಳಿವು ಕೊಟ್ಟಿತು. ಭಾರತದ ಸಮಯ ಗ್ರೀನಿಚ್‌ಗಿಂತ ಅಷ್ಟೇ ಮುಂದೆ. ರಜಕ್ಕೆ ಬಂದಿದ್ದ ಅಣ್ಣನ ಮಗ ಕಲಿಯಲು ಅಂತ ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಅನ್ನುವ ಲಿನಕ್ಸ್ ವ್ಯವಸ್ಥೆಯನ್ನೂ ಹಾಕಿಕೊಂಡಿದ್ದ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಸಾಮಾನ್ಯವಾಗಿ ಗ್ರೀನಿಚ್ ಸಮಯ ಬರೆಯುತ್ತದೆ. ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದುತ್ತದೆ. ಫೋನ್ ಮಾಡಿ ಬೈದೆ.

‘ಚಿಕ್ಕಪ್ಪ, ಅದಕ್ಕೆ ಒಂದೇ ಸಾಲು ಸಾಕು’ ಅಂದ. ಉಬುಂಟುವಿನಲ್ಲೂ ಊರಿನ ಸಮಯವನ್ನೇ ಬರೆಯುವ ಹಾಗೆ ಮಾಡುವ ಆಜ್ಞೆ. ಅವನು ಒಂದೊಂದೇ ಅಕ್ಷರ ಹೇಳಿದ, ನಾನು ಟೈಪ್ ಮಾಡಿದೆ. ಸರಿಹೋಯಿತು.

ಅಮ್ಮ ಈಗಲೂ ಪ್ಲಗ್ ಕೀಳುತ್ತಾರೆ, ನಾನೂ ಬೇಡ ಅನ್ನುವುದಿಲ್ಲ. ಆ ವಾರಗಳಲ್ಲಿ ಬರೆದ ಒಂದಿಷ್ಟು ಹಾಜರಿ ಫೈಲುಗಳು ಮಾತ್ರ ಪಟ್ಟಿಯ ಅಡಿಯಲ್ಲಿ, 2012ರಲ್ಲೇ ಕೂತಿವೆ. ಕೂಲಿ ಲೆಕ್ಕ ಮಾಡುವಾಗ ಅಲ್ಲಿಗೇ ಹೋಗಿ ಹುಡುಕಬೇಕು.